ಮೂರು ಸಲ ಬ್ವೆನಾಸ್ ನೋಚೆಸ್

ರಾತ್ರಿ ಮಲಗುವ ಮುಂಚೆ ಒಬ್ಬರಿಗೊಬ್ಬರು ಹೇಳುವ ಮಾತು ಎಂದು ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ. ನನ್ನ ತವರು ಯಳವಿ. ಅಲ್ಲಿ ಅವ್ವ ಹೇಳುತ್ತಿದ್ದದ್ದು, "ಕದಾ ಹಾಕ್ಯಾರೇನು ನೋಡ," ಅಷ್ಟೇ. ಗಂಡನ ಮನೆ ಬಿಳೂರ. ಅಲ್ಲಿ ಅತ್ತೆ ಹೇಳುತ್ತಿದ್ದದ್ದು, "ದೀಪಾ ಶಾಂತ ಮಾಡ, ಎಣ್ಣಿ ಉರೀತದ." ಗಂಡ ಏನೂ ಹೇಳುತ್ತಿರಲಿಲ್ಲ. ಗೋಡೆಯ ಕಡೆ ತಿರುಗುತ್ತಿದ್ದ. ಹೀಗೆ ಅರವತ್ತು ವರ್ಷ ಮಲಗಿ ಎದ್ದವಳು ನಾನು. ಆಮೇಲೆ ಸ್ಪೇನ್ ಎಂಬ ದೇಶದ ರಾತ್ರಿಯ ಮಾತುಗಳನ್ನು ಕಲಿತೆ. ಯಾಕೆ ಕಲಿತೆ, ಅದರಿಂದ ಏನಾಯಿತು ಎಂಬುದನ್ನು ಬರೆಯುತ್ತೇನೆ.

ಗಂಡ ಸತ್ತ ಮೇಲೆ ಮರಾಠಿ ಸೀಮೆಗೆ ಸೇರಿದ ಜತ್ತದಲ್ಲಿ ಒಂದು ಮಕ್ಕಳ ಮನೆಯಲ್ಲಿ ಕೆಲಸಕ್ಕೆ ಸೇರಿದೆ. ತಂದೆತಾಯಿ ಇಲ್ಲದ ಮಕ್ಕಳನ್ನು, ಇದ್ದೂ ಬಿಟ್ಟುಹೋದ ಮಕ್ಕಳನ್ನು ಇಟ್ಟುಕೊಳ್ಳುವ ಜಾಗ ಅದು. ಹಗಲು ಅಡುಗೆ ಮಾಡುವುದು, ರಾತ್ರಿ ಸಣ್ಣ ಹುಡುಗಿಯರ ಖೋಲಿಯಲ್ಲಿ ಅವರ ಜೊತೆ ಮಲಗುವುದು. ಕೆಲಸದ ಹೆಂಗಸರಿಗೆ ಅಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಮಕ್ಕಳು ಮಾತ್ರ ನನಗೆ ಆಯಿ ಎನ್ನುತ್ತಿದ್ದವು.

ಆ ಹುಡುಗಿ ಬಂದಾಗ ಎರಡು ವರ್ಷದ್ದು. ಎಲ್ಲಿಂದ ಬಂತು, ಹೇಗೆ ಬಂತು ಎಂಬುದು ಅದರ ಸುದ್ದಿ, ನಾನು ಬರೆಯುವುದಿಲ್ಲ. ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ದತ್ತಕ ತೆಗೆದುಕೊಳ್ಳುವವರು ಫೋಟೋ ನೋಡಿ ಬರುತ್ತಿದ್ದರು. ಕಾಲಿನ ಸಂಗತಿ ಕಾಗದದಲ್ಲಿ ಬರೆದೇ ಇರುತ್ತಿತ್ತು. ಆದರೂ ಹುಡುಗಿ ಎದ್ದು ನಡೆಯುವವರೆಗೆ ಅವರ ಮುಖದಲ್ಲಿ ನಗು ಇರುತ್ತಿತ್ತು, ನಡೆದ ಮೇಲೆ ಇರುತ್ತಿರಲಿಲ್ಲ. ಎರಡು ಜೋಡಿ ಹೀಗೆ ಬಂದು ಚಹಾ ಕುಡಿದು ಹೋದರು. ಹುಡುಗಿ ಆರು ವರ್ಷದ್ದಾಯಿತು.

ಅದಕ್ಕೆ ಕತ್ತಲೆಂದರೆ ಜೀವ ಹೋಗುವಷ್ಟು ಅಂಜಿಕೆ. ಕರೆಂಟು ಹೋದರೆ ಅಳುತ್ತಿರಲಿಲ್ಲ, ಉಸಿರು ಹಿಡಿದು ಕಲ್ಲಿನ ಹಾಗೆ ಆಗುತ್ತಿತ್ತು. ನನ್ನ ಕೌದಿಯಲ್ಲೇ ಮಲಗುತ್ತಿತ್ತು. ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ. ನಾನು ನೀರಿಗೆ ಎದ್ದರೆ ಸೆರಗು ಬಿಡಿಸಿಕೊಂಡು ಏಳಬೇಕು.

ಒಂದು ದಿನ ಆಫೀಸಿನ ಮೇಡಮ್ ನನ್ನನ್ನು ಕರೆದರು. ಮಕ್ಕಳನ್ನು ಕೊಡುವ, ತೆಗೆದುಕೊಳ್ಳುವ ಕಾಗದಪತ್ರ ನೋಡುವವರು ಅವರೇ.

"ಮಾವಶಿ, ಕುಂದ್ರಿ. ಸ್ಪೇನದಿಂದ ಗಂಡ ಹೆಂಡ್ತಿ ಬರಾಕ ಹತ್ಯಾರ. ಹುಡುಗೀನ ಒಪ್ಪ್ಯಾರ. ಕಾಲಿನ ವಿಷಯ ಎಲ್ಲಾ ಗೊತ್ತದ ಅವರಿಗೆ."

"ಚಲೋ ಆತ್ರಿ," ಎಂದೆ.

"ಅವರ ಮಾತು ಬ್ಯಾರೆ. ಸ್ಪ್ಯಾನಿಷ್ ಅಂತ. ಹಗಲಿನ ಮಾತಿಂದು ಚಿಂತಿ ಇಲ್ಲ, ಕೈಸನ್ನಿ ಮಾಡಿ ತಿಳಿಸ್ತಾರ. ಉಣ್ಣು ಅಂತ ತೋರಸ್ತಾರ, ಬಾ ಅಂತ ತೋರಸ್ತಾರ. ಕತ್ತಲದಾಗ ಕೈ ಕಾಣಂಗಿಲ್ಲ. ಈ ಕೂಸಿಗೆ ಮೊದಲ ಕತ್ತಲ ಅಂಜಿಕಿ. ಅದಕ್ಕ ರಾತ್ರಿ ಮಾತು ಮೊದಲ ಕಲಸ್ರಿ."

"ನಾನ? ಎರಡನೇ ಇಯತ್ತೆ ಕಲ್ತ ಮುದುಕಿ ನಾ."

"ರಾತ್ರಿ ಅದರ ಸಂಗಾಟ ಇರೋರು ಯಾರು? ನಾನೇನು?"

ಅವರ ಕೈಯಲ್ಲಿ ಒಂದು ಕಾಗದ. ಮಾತುಗಳನ್ನು ಮರಾಠಿ ಅಕ್ಷರದಲ್ಲಿ ಬರೆದಿದ್ದರು. ಮರಾಠಿ ನನಗೆ ಮಾತಾಡಲು ಬರುತ್ತದೆ, ಓದಲು ಬಸ್ಸಿನ ಬೋರ್ಡಿನಷ್ಟು ಮಾತ್ರ. ಅವರು ಒಂದೊಂದಾಗಿ ಓದಿ ಹೇಳಿದರು. ನಾನು ಅಡುಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಮೇಲಿನ ಗೋಡೆಗೆ ಸಾಲಿಯ ಸುಣ್ಣದ ಕಡ್ಡಿಯಿಂದ ನನಗೆ ಬರುವ ಕನ್ನಡದಲ್ಲಿ ಬರೆದುಕೊಂಡೆ. ಬ್ವೆನಾಸ್ ನೋಚೆಸ್, ಇದು ರಾತ್ರಿಯ ನಮಸ್ಕಾರ. ಬಂದರೂ ಹೇಳುವುದು, ಮಲಗಲು ಹೋದರೂ ಹೇಳುವುದು. ಆಸ್ತಾ ಮನ್ಯಾನಾ, ನಾಳೆ ಸಿಗೋಣ. ಲೂನಾ, ಚಂದ್ರ. ಆಗ್ವಾ, ನೀರು. ತೆಂಗೊ ಮಿಯೇದೊ, ನನಗೆ ಅಂಜಿಕೆ ಆಗುತ್ತಿದೆ. ಲೂಥ್, ಬೆಳಕು.

ನನ್ನ ಜೊತೆ ಅಡುಗೆಗೆ ಇನ್ನೊಬ್ಬಳಿದ್ದಳು, ಸೊರಡಿಯವಳು. ನನಗಿಂತ ಹತ್ತು ವರ್ಷ ಸಣ್ಣವಳು, ನಾಲಿಗೆ ಮಾತ್ರ ನನಗಿಂತ ಉದ್ದ.

"ಏನ ಬೇ ಮುದಿಕಿ, ಗ್ವಾಡಿ ಮ್ಯಾಲ ಮಂತ್ರಾ ಬರದಿ?"

"ಸ್ಪೇನದ ಮಾತು."

"ಅದೆಲ್ಲಿ ಬರ್ತದ?"

"ವಿಮಾನದಾಗ ಹೋಗಬೇಕಂತ."

"ಹಂಗಾರ ನಮ್ಮ ಸೊರಡಿಕಿಂತ ಹತ್ರ ಬಿಡ. ಸೊರಡಿಗೆ ಬಸ್ ಇಳದು ನಡೀಬೇಕು."

ಒಂದು ರೊಟ್ಟಿಗೆ ಒಂದು ಮಾತು ಎಂದು ಕಲಿತೆ. ಬ್ವೆನಾಸ್ ಎಂದು ಬಡಿಯುವುದು, ನೋಚೆಸ್ ಎಂದು ತಿರುಗಿಸುವುದು. ದಿನಕ್ಕೆ ನೂರರ ಮೇಲೆ ರೊಟ್ಟಿ. ನಾಲ್ಕು ದಿನದಲ್ಲಿ ಮಾತು ಬಾಯಿಗೆ ಕೂತವು. ಲೂಥ್ ಮಾತ್ರ ಕೂಡಲಿಲ್ಲ. ಹುಡುಗಿಯನ್ನು ಒಪ್ಪಿದ್ದ ಸ್ಪೇನದ ಹೆಂಗಸು ಫೋನಿನಲ್ಲಿ ತನ್ನ ದನಿ ಕಳಿಸಿದ್ದಳು. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳುತ್ತಿದ್ದಳು. ಹುಡುಗಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಒಂದೇ ಸಲಕ್ಕೆ ಹೇಳಿಬಿಟ್ಟಿತು. ಹಲ್ಲು ನನಗೂ ಇಲ್ಲ, ನನಗೆ ಬರಲಿಲ್ಲ. ಕಡೆಗೆ ಹುಡುಗಿಯೇ ನನಗೆ ಕಲಿಸಿತು.

"ಹಂಗಲ್ಲ ಆಯಿ. ನಾಲಿಗಿ ಹೊರಗ ತಗಿ. ಇನ್ನಷ್ಟ. ನಾಯಿಗತೆ."

ಸಂಜೆ ಊಟವಾದ ಮೇಲೆ ಕೌದಿ ಹಾಸಿ, ದೀಪ ಆರಿಸುವ ಮುಂಚೆ ಹೇಳಿಸುತ್ತಿದ್ದೆ. ಖೋಲಿಯಲ್ಲಿ ಏಳು ಹುಡುಗಿಯರು. ಏಳೂ ಕಲಿತವು. ಕರೆದುಕೊಂಡು ಹೋಗುವವರು ಬರುತ್ತಿದ್ದದ್ದು ಒಂದಕ್ಕೆ. ಉಳಿದ ಆರಕ್ಕೆ, ನೀವು ಸುಮ್ಮನಿರಿ, ಇದು ನಿಮಗಲ್ಲ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ಎಲ್ಲರಿಗಿಂತ ಸಣ್ಣದು, ಮೂರು ವರ್ಷದ್ದು, ಬೆಳಿಗ್ಗೆ ಹಾಲಿನವನಿಗೂ ಬ್ವೆನಾಸ್ ನೋಚೆಸ್ ಎನ್ನುತ್ತಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ರಾತ್ರಿ ಕತ್ತಲಲ್ಲಿ ಯಾರಾದರೂ ಕರೆದರೆ ಒಂದೇ ಕರೆಗೆ ಓಗೊಡಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಮೂರು ಸಲ ಕರೆಯಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಬೇರೆ ಏನಾದರೂ ಇದ್ದರೆ ಒಂದು ಸಲ ಕರೆದು ಹೋಗುತ್ತದೆ. ನನಗೆ ಒಬ್ಬ ಮಗಳಿದ್ದಳು. ಆರು ವರ್ಷದವಳು. ಒಂದು ರಾತ್ರಿ ಯಾರೋ ಕರೆದರು ಎಂದು "ಓ" ಎಂದು ಎದ್ದು ಅಂಗಳಕ್ಕೆ ಹೋದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಜ್ವರ. ನಾಲ್ಕನೇ ದಿನ ಸತ್ತಳು. ಜ್ವರ ಮಿದುಳಿಗೆ ಏರಿತ್ತು ಎಂದರು ಡಾಕ್ಟರು. ಒಂದೇ ಕರೆಗೆ ಓಗೊಟ್ಟಳು, ಅದಕ್ಕೆ ಹೋದಳು ಎಂದಳು ಅತ್ತೆ. ಡಾಕ್ಟರ ಮಾತೇ ಖರೆ ಇರಬೇಕು. ಆದರೂ ಅಂದಿನಿಂದ ನನ್ನ ಕೈಕೆಳಗಿನ ಯಾವ ಕೂಸಿಗೂ ಒಂದು ಕರೆಗೆ ಓಗೊಡಲು ನಾನು ಬಿಟ್ಟಿಲ್ಲ. ದೀಪ ಆರಿದ ಮೇಲೆ ಬಾಗಿಲಲ್ಲಿ ನಿಂತು ನಾನು ಕರೆದರೂ ಮೂರು ಸಲ ಕರೆಯುತ್ತಿದ್ದೆ. ಮೂರನೆಯದಕ್ಕೆ ಏಳೂ ಹುಡುಗಿಯರು ಒಟ್ಟಿಗೆ "ಓ" ಎನ್ನುತ್ತಿದ್ದವು. ಅಲ್ಲಿಯವರೆಗೆ ಬಾಯಿ ಬಿಡುತ್ತಿರಲಿಲ್ಲ. ಬ್ವೆನಾಸ್ ನೋಚೆಸ್ಸನ್ನೂ ಕತ್ತಲಲ್ಲಿ ಮೂರು ಸಲವೇ ಹೇಳುತ್ತಿದ್ದೆ. ಇದು ಆಫೀಸಿನವರಿಗೆ ಗೊತ್ತಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ನನಗೂ ಅನ್ನಿಸಿರಲಿಲ್ಲ. ಮಕ್ಕಳಿಗೆ ಕೈ ತೊಳೆದು ಉಣ್ಣಿ ಎಂದು ಹೇಳಿದ್ದನ್ನು ಯಾರಾದರೂ ಆಫೀಸಿಗೆ ಹೋಗಿ ಹೇಳುತ್ತಾರೆಯೆ?

ಸ್ಪೇನದವರು ಬಂದರು. ಗಂಡ ಉದ್ದ, ತಲೆ ಬೋಳು. ಹೆಂಡತಿ ಗಿಡ್ಡ, ಮೈಕೈ ತುಂಬಿದವಳು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಹುಡುಗಿ ಅಂಗಳ ದಾಟಿ ಅವರ ಕಡೆ ನಡೆಯಿತು. ನಾನು ಹುಡುಗಿಯನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ. ನಗು ಹೋಗಲಿಲ್ಲ.

ಮಾಳಿಗೆಯ ಮೇಲಿನ ಖೋಲಿಯಲ್ಲಿ ಅವರಿಗೆ ಇರಲು ಕೊಟ್ಟಿದ್ದರು. ಎಂಟು ದಿನ ಹುಡುಗಿಯ ಜೊತೆ ಇದ್ದು, ಹೊಂದಿಕೆಯಾದರೆ ಮುಂದಿನ ಕಾಗದ. ಹಗಲೆಲ್ಲ ಚಲೋ ನಡೆಯಿತು. ಆ ಹೆಂಗಸು ಹುಡುಗಿಯ ಕೂದಲು ಬಾಚಿದಳು, ಅದೂ ಆಕೆಯ ಕೂದಲು ಬಾಚಿತು. ರಾತ್ರಿ ಮೇಲಿನ ಖೋಲಿಗೆ ಹೋಗುವಾಗ ನಾನು ಹುಡುಗಿಯ ಹಣೆಗೆ ವಿಭೂತಿ ಹಚ್ಚಿ, "ಎಲ್ಲಾ ಮಾತು ನೆನಪದಾವೇನು?" ಎಂದೆ. ಅದು ಬೆರಳು ಮಡಚಿ ಆರೂ ಹೇಳಿತು.

ಬೆಳಿಗ್ಗೆ ಚಹಾ ಕೊಡಲು ಹೋದಾಗ ಆ ಹೆಂಗಸಿನ ಕಣ್ಣು ಊದಿದ್ದವು. ಎರಡನೇ ದಿನವೂ ಹಾಗೆಯೇ. ಮೂರನೇ ದಿನ ಮೇಡಮ್ ಅಡುಗೆಮನೆಗೆ ಬಂದು ನಿಂತರು.

"ಮಾವಶಿ, ಹುಡುಗಿ ಹಗಲೆಲ್ಲಾ ನಗತದ. ದೀಪ ಆರಿಸಿದ ಕೂಡ್ಲೆ ಕಲ್ಲ ಆಗತದ. ಆಕಿ ಬ್ವೆನಾಸ್ ನೋಚೆಸ್ ಅಂತಾಳ, ಇದು ಕಣ್ಣ ತೆರಕೊಂಡ ಸುಮ್ಮನ ಮಲಗಿರತದಂತ. ಒಂದ ಮಾತಿಲ್ಲ. ಮುಟ್ಟಿದ್ರ ಮೈ ಬಿಗಿ ಹಿಡಕೋತದಂತ. ಕೂಸಿಗೆ ನಾ ಬ್ಯಾಡಾಗೀನಿ ಅಂತ ಆಕಿ ರಾತ್ರೆಲ್ಲಾ ಅಳಾಕ ಹತ್ಯಾಳ. ಒತ್ತಾಯ ಮಾಡಿ ಒಯ್ಯಂಗಿಲ್ಲ ಅಂತಾರ ಇಬ್ರೂ. ನೀವು ಮಾತು ಕಲಿಸಿದ್ರಿಲ್ಲ?"

"ಕಲಿಸೀನ್ರಿ," ಎಂದೆ.

ಆ ಕ್ಷಣಕ್ಕೇ ನನಗೆ ತಿಳಿದಿತ್ತು. ಹಿಟ್ಟಿನಲ್ಲಿದ್ದ ಕೈ ಹಿಟ್ಟಿನಲ್ಲೇ ನಿಂತಿತು. ಆಕೆ ಎಷ್ಟು ಸಲ ಹೇಳುತ್ತಾಳೆ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಮೇಡಮ್ ಹೋದರು.

ಸೊರಡಿಯವಳು ಒಲೆ ಮುಂದಿನಿಂದ ಹೇಳಿದಳು, "ಹೋಗ್ಲಿ ಬಿಡ ಅವರು. ನಿನ್ನ ಕೂಸು ನಿನಗ ಉಳೀತು. ಮುಖಾ ಯಾಕ ಹಂಗ ಮಾಡಿ?"

ಆ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಸುಮ್ಮನಿದ್ದೆ. ಮರೆತೆ ಎಂದೋ, ಧೈರ್ಯ ಬರಲಿಲ್ಲ ಎಂದೋ ಬರೆದರೆ ಸುಳ್ಳು. ಉಳಿಯಲಿ ಎಂದು ಸುಮ್ಮನಿದ್ದೆ. ಉಳಿದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ನಮ್ಮಲ್ಲಿ ಸಣ್ಣ ಮಕ್ಕಳನ್ನಷ್ಟೇ ಇಡುತ್ತಾರೆ. ಸ್ವಲ್ಪ ದೊಡ್ಡದಾದರೆ ಬೇರೆ ಊರಿನ ವಸತಿಗೆ ಕಳಿಸುತ್ತಾರೆ. ಅಲ್ಲಿ ಸಾಲಾಗಿ ಮಂಚ, ಹತ್ತಕ್ಕೆ ದೀಪ ಆರಿಸುವುದು. ಅಲ್ಲಿಗೆ ನನ್ನ ಸೆರಗು ಹೋಗುವುದಿಲ್ಲ. ಎಲ್ಲ ಗೊತ್ತಿದ್ದೂ ರೊಟ್ಟಿ ಬಡಿಯುತ್ತ ಕೂತೆ. ಬಡಿಯುವಾಗ ಬಾಯಿಗೆ ಅದೇ ಮಾತು ಬರುತ್ತಿತ್ತು. ಬ್ವೆನಾಸ್, ನೋಚೆಸ್. ತುಟಿ ಬಿಗಿದು ನುಂಗುತ್ತಿದ್ದೆ.

ಊಟದ ಹೊತ್ತಿಗೆ ಹುಡುಗಿ ತಾಟು ಹಿಡಿದು ಕುಂಟುತ್ತ ನನ್ನ ಹತ್ತಿರ ಬಂತು. ಪಕ್ಕದಲ್ಲಿ ಕೂತು, ಯಾರಿಗೂ ಕೇಳದ ಹಾಗೆ ಕೇಳಿತು.

"ಆಯಿ, ಆಕಿ ಒಮ್ಮೇನ ಕರೀತಾಳ. ಮೂರ ಸಲ ಯಾಕ ಕರಿಯಂಗಿಲ್ಲ?"

ನಾನು ಅದರ ತಾಟಿಗೆ ಬೇಳೆ ಹಾಕಿದೆ.

"ನಾ ಎಣಿಸಿಕೋತ ಮಲಗಿರತೀನಿ. ಒಂದ ಅಂತೀನಿ. ಎರಡ ಬರಂಗಿಲ್ಲ. ಅಳತಾಳ ಆಕಿ. ಆಕಿ ಮನಷ್ಯಾಳಲ್ಲೇನು?"

"ಮನಷ್ಯಾಳ ಅದಾಳ," ಎಂದೆ. "ಉಣ್ಣ ನೀ."

"ಮತ್ತ ನೀ ಹೇಳ ಆಕಿಗೆ. ನಂಗ ಓಗೊಡಬೇಕಂತ ಆಗತದ."

ಅದು ಅಷ್ಟು ಹೇಳಿ ಬೇಳೆಯಲ್ಲಿ ರೊಟ್ಟಿ ಅದ್ದಿ ತಿನ್ನತೊಡಗಿತು. ನಾನು ಕೈ ತೊಳೆಯದೆ ಎದ್ದು ಆಫೀಸಿಗೆ ಹೋದೆ.

ಮೇಡಮ್ ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಮಾವಶಿ, ಇಂಥಾದ್ದೆಲ್ಲಾ ಸಣ್ಣ ಮಕ್ಕಳಿಗೆ ಹೇಳಿ ಅಂಜಸ್ತಾರೇನ್ರಿ? ಅಂಜಿಕಿ ಕಳೀಲಿ ಅಂತ ನಿಮ್ಮ ಕೈಯಾಗ ಕೊಟ್ಟರ, ನೀವು ಅಂಜಿಕಿ ಕಲಿಸೀರಿ."

"ಹೌದ್ರಿ," ಎಂದೆ. "ಬೈರಿ. ಆದರ ಮೊದಲ ಆಕಿಗೆ ಹೇಳ್ರಿ. ಕತ್ತಲಾಗೂದರಾಗ ಹೇಳ್ರಿ."

"ಬೆಳಿಗ್ಗೆ ಕೇಳಿದಾಗ ಯಾಕ ಹೇಳಲಿಲ್ಲ?"

"ಬೇಕಂತ ಹೇಳಲಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಬೈಯಲಿಲ್ಲ. ಮಾಳಿಗೆಯ ಮೇಲೆ ಹೋಗಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಆ ಹೆಂಗಸು ನಗುತ್ತಾಳೆ, ಇಲ್ಲವೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲಿನಿಂದ ನನಗೆ ಮೂರು ಬೆರಳು ತೋರಿಸಿದಳು, ಮೂರೇನು ಎಂದು ಕೇಳುವ ಹಾಗೆ. ನಾನೂ ಮೂರು ಬೆರಳು ತೋರಿಸಿದೆ. ಇನ್ನೂ ಬಿಸಿಲಿತ್ತು, ಕೈ ಕಾಣುತ್ತಿತ್ತು.

ಆ ರಾತ್ರಿ ಉಳಿದ ಹುಡುಗಿಯರನ್ನು ಮಲಗಿಸಿ, ಮಾಳಿಗೆಯ ಮೆಟ್ಟಿಲ ಮೇಲೆ ಕೂತೆ. ಮೇಲಿನ ದೀಪ ಆರಿತು. ಆಕೆ ಒಂದು ಸಲ ಹೇಳಿದಳು. ಏನೂ ಇಲ್ಲ. ಎರಡನೇ ಸಲ ಹೇಳಿದಳು. ದನಿ ಸ್ವಲ್ಪ ನಡುಗಿತು. ನನ್ನ ಬಾಯಿಂದ ನಾನೇ ಓಗೊಟ್ಟುಬಿಡುತ್ತೇನೆಯೋ ಎಂದು ಸೆರಗನ್ನು ಬಾಯಿಗೆ ಹಿಡಿದುಕೊಂಡೆ. ಮೂರನೇ ಸಲ ಬ್ವೆನಾಸ್ ಎನ್ನುವಷ್ಟರಲ್ಲೇ, ನೋಚೆಸ್ ಎಂದು ಹುಡುಗಿ ಅರ್ಧ ಮಾತು ಕಸಿದುಕೊಂಡಿತು. ಕಾದು ಕಾದು ಸಾಕಾಗಿತ್ತು ಅದಕ್ಕೆ. ಬೆನ್ನಿಗೇ ತೆಂಗೊ ಮಿಯೇದೊ ಎಂದಿತು, ಲೂಥ್ ಎಂದಿತು, ಆಗ್ವಾ ಎಂದಿತು. ಮೂರು ರಾತ್ರಿಯಿಂದ ಒಳಗೆ ಹಿಡಿದುಕೊಂಡಿದ್ದನ್ನೆಲ್ಲ ಹೇಳಿತು. ಮೇಲೆ ದೀಪ ಹತ್ತಿತು. ಗಂಡಸು ನಕ್ಕ ಸದ್ದು, ಹೆಂಗಸು ಅತ್ತ ಸದ್ದು, ಹೂಜಿಯಿಂದ ನೀರು ಬಗ್ಗಿಸಿದ ಸದ್ದು ಕೇಳಿತು. ಆಯಿ ಎಂಬ ಮಾತು ಕೇಳಲಿಲ್ಲ. ಕೇಳೀತೇನೋ ಎಂದು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಬಂದು ಮಲಗಿದೆ. ಸೆರಗು ಹಿಡಿಯುವವರು ಇರಲಿಲ್ಲ, ಮಗ್ಗುಲು ಬದಲಿಸಿ ಮಲಗಬಹುದಿತ್ತು. ನಿದ್ದೆ ಬರಲಿಲ್ಲ.

ಕಾಗದಪತ್ರ ಮುಗಿದು ಅವರು ಹುಡುಗಿಯನ್ನು ಕರೆದುಕೊಂಡು ಹೊರಟದ್ದು ಇನ್ನೊಂದು ಸಲ ಬಂದಾಗ. ಸುಡುವ ಬಿಸಿಲು, ಮಧ್ಯಾಹ್ನದ ಹೊತ್ತು. ಹುಡುಗಿಗೆ ಹೊಸ ಬೂಟು. ಎಡಗಾಲಿನದು ಎತ್ತರ ಮಾಡಿಸಿ ತಂದಿದ್ದರು. ಕಾರಿನ ಹತ್ತಿರ ಎಲ್ಲರೂ ನಿಂತಿದ್ದೆವು. ಹೋಗುವಾಗ ಆ ದೇಶದ ಮಾತಿನಲ್ಲಿ ಏನಾದರೂ ಹೇಳು ಎಂದು ಮೇಡಮ್ ಅಂದರು. ಅದಕ್ಕೆ ಬರುತ್ತಿದ್ದದ್ದು ನಾನು ಕಲಿಸಿದ ರಾತ್ರಿಯ ಮಾತು ಮಾತ್ರ. ನೆತ್ತಿಯ ಮೇಲೆ ಸೂರ್ಯ ಇರುವಾಗ ನನ್ನ ಕಡೆ ನೋಡಿ, "ಬ್ವೆನಾಸ್ ನೋಚೆಸ್ ಆಯಿ. ಆಸ್ತಾ ಮನ್ಯಾನಾ," ಎಂದಿತು. ಎಲ್ಲರೂ ನಕ್ಕರು. ನಾಳೆ ಸಿಗೋಣ ಎಂದು ಅದರ ಅರ್ಥವನ್ನು ಅದಕ್ಕೆ ಹೇಳಿಕೊಟ್ಟವಳು ನಾನೇ. ನಾಳೆ ಸಿಗುವುದಿಲ್ಲ ಎಂದು ಗೊತ್ತಿದ್ದೂ, ಆಸ್ತಾ ಮನ್ಯಾನಾ ಎಂದೆ. ಕಾರು ಹೋಯಿತು. ಉಳಿದ ಆರು ಹುಡುಗಿಯರು ಗೇಟಿನ ಕಬ್ಬಿಣ ಹಿಡಿದು ಬ್ವೆನಾಸ್ ನೋಚೆಸ್ ಎಂದು ಕೂಗುತ್ತಲೇ ಇದ್ದವು. ಬಿಸಿಲಿಗೆ ಕಬ್ಬಿಣ ಕಾಯ್ದಿತ್ತು, ಬಿಡಿಸಿ ಒಳಗೆ ಕರೆದುಕೊಂಡು ಬಂದೆ.

ಗೋಡೆಯ ಮೇಲಿನ ಬರಹವನ್ನು ಒರೆಸಲಿಲ್ಲ. ಒಗ್ಗರಣೆಯ ಹೊಗೆಗೆ ತಾನೇ ಮಬ್ಬಾಯಿತು.

ಹೋದ ಮಕ್ಕಳು ಹೇಗಿವೆ ಎಂದು ಅಲ್ಲಿಂದ ಆಗಾಗ ಆಫೀಸಿಗೆ ಫೋಟೋ, ವರದಿ ಬರುತ್ತದೆ. ಎಷ್ಟೋ ತಿಂಗಳ ಮೇಲೆ ಒಂದು ದಿನ ಮೇಡಮ್ ಫೋನು ಹಿಡಿದು ಅಡುಗೆಮನೆಗೆ ಬಂದರು. "ಮಾವಶಿ, ನಿಮ್ಮ ಕೂಸು ನೋಡ್ರಿ."

ಈ ಸಲ ಫೋಟೋ ಅಲ್ಲ, ವಿಡಿಯೊ. ಹಳದಿ ಬಣ್ಣದ ಗೋಡೆಯ ಖೋಲಿ. ಮಂಚದ ಮೇಲೆ ಹುಡುಗಿ. ಗಲ್ಲ ತುಂಬಿದ್ದವು, ಹಲ್ಲು ಬಂದಿದ್ದವು. ಕೂದಲು ಕತ್ತರಿಸಿದ್ದರು. ದೀಪ ಆರಿತು, ಬಾಗಿಲ ಸಂದಿಯಿಂದ ಬಂದ ಬೆಳಕು ಮಾತ್ರ ಉಳಿಯಿತು. ಬಾಗಿಲಲ್ಲಿ ನಿಂತು ಆ ಹೆಂಗಸು ಒಂದು ಸಲ ಹೇಳಿದಳು. ನಾನು ಎರಡನೆಯದಕ್ಕೆ ಕಾದೆ. ಹುಡುಗಿ ಕಾಯಲಿಲ್ಲ. ತಲೆ ಸಹ ಎತ್ತದೆ, ನಿದ್ದೆಗಣ್ಣಲ್ಲಿ, ಒಂದೇ ಕರೆಗೆ ಓಗೊಟ್ಟಿತು. ಆಮೇಲೆ ನನಗೆ ತಿಳಿಯದ ಇನ್ನೇನೋ ಹೇಳಿತು, ಬಹಳ ಉದ್ದದ ಮಾತು. ಅಷ್ಟಕ್ಕೆ ಮುಗಿಯಿತು.

ಸೊರಡಿಯವಳು ನನ್ನ ಭುಜದ ಮೇಲಿನಿಂದ ನೋಡುತ್ತಿದ್ದಳು. "ನೋಡ ಬೇ, ಒಂದ ಕರಿಗೆ ಓ ಅಂದ್ಳು. ನೀ ಹೇಳಿದ್ದು ಮರತ್ಲು."

"ಮರೀಬೇಕಾಗಿತ್ತು," ಎಂದೆ.

ಮೇಡಮ್ ಫೋನನ್ನು ನನ್ನ ಕಡೆ ತಿರುಗಿಸಿದರು. "ಏನಾರ ಹೇಳ್ರಿ ಮಾವಶಿ, ಕಳಸ್ತೀನಿ. ಕನ್ನಡ ಈಗ ಅದಕ್ಕ ತಿಳಿತದೋ ಇಲ್ಲೋ. ಅವರ ಮಾತಿನ್ಯಾಗ ಹೇಳ್ರಿ."

ಕೈಗೆಲ್ಲ ಹಿಟ್ಟು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಹೇಳಬೇಕಾದದ್ದು ಬಹಳ ಇತ್ತು, ನನಗೆ ಬರುತ್ತಿದ್ದದ್ದು ಆರು ಮಾತು. ಬ್ವೆನಾಸ್ ನೋಚೆಸ್ ಎಂದೆ. ಅಭ್ಯಾಸದ ಮೇಲೆ ಎರಡನೆಯದು ಗಂಟಲಿಗೆ ಬಂತು. ಮೂರು ಸಲ ಹೇಳಿದರೆ ಅದಕ್ಕೆ ಹಳೆಯದು ನೆನಪಾದೀತು, ಮತ್ತೆ ಕತ್ತಲಲ್ಲಿ ಎಣಿಸುತ್ತ ಮಲಗೀತು.

ಒಂದೇ ಸಲ ಹೇಳಿ, ರೊಟ್ಟಿ ತಿರುಗಿಸಿದೆ.